ಹಾಳು ವಾಡೆ ಒಳಗ ಕಾಲಿಡೋ ಮೊದ್ಲು ಊರಾಗ ಕೇಳ್ರಿ

ಹಳೇ ಕಟ್ಟಡಗಳ ಅಳತಿ ತಗೊಂಡು ನಕ್ಷೆ ಮಾಡೋದು, ಯಾವ ಗ್ವಾಡಿ ಇನ್ನೂ ನಿಲ್ತದ, ಯಾವುದು ಈ ಮಳಿಗಾಲಕ್ಕ ಬೀಳ್ತದ ಅಂತ ರಿಪೋರ್ಟ್ ಬರ್ಯೋದು ನನ್ನ ಕಸುಬು. ಆಫೀಸ್ ಕಲಬುರಗಿದಾಗ, ಕೆಲಸ ಮಾತ್ರ ಬೀದರ್, ಯಾದಗಿರಿ ಸೇರಿ ಮೂರೂ ಜಿಲ್ಲಾದ ಹಳ್ಳಿಗಳಾಗ. ಇತ್ತೀಚಿಗಿ ಕಾಲೇಜ್ ಹುಡುಗ್ರು, ವಿಡಿಯೋ ಮಾಡೋರು ಮೆಸೇಜ್ ಹಾಕೋದು ಭಾಳ ಆಗ್ಯದ. ಯಾರೂ ಇರದ ವಾಡೆ (ದೇಶಮುಖರ, ಪಾಟೀಲರಂಥವ್ರ ಹಳೇ ದೊಡ್ಡ ಮನಿ) ಎಲ್ಲಿ ಅದ, ಹಾಳು ಬಾವಿ ಎಲ್ಲಿ ಅದ, ಲೊಕೇಶನ್ ಕಳಸ್ರಿ, ಒಳಗ ಹೋಗ್ಲಾಕ ಪರ್ಮಿಷನ್ ಬೇಕಾ ಬ್ಯಾಡಾ ಅಂತ ಕೇಳ್ತಾರ. ನಾನು ಲೊಕೇಶನ್ ಕಳಸಂಗಿಲ್ಲ. ಯಾಕ ಅಂತ ಒಬ್ಬೊಬ್ರಿಗೆ ಫೋನ್ ಹಚ್ಚಿ ಹೇಳೋ ಬದ್ಲಿ ಇಲ್ಲೇ ಬಿಡಿಸಿ ಬರೀತೀನಿ.

ಹಾಳು ಬಿದ್ದ ಜಾಗಕ್ಕ ಹೋಗೋದೇ ತಪ್ಪು ಅನ್ನೋನಲ್ಲ ನಾನು. ಯಾರೂ ಹೋಗ್ಲಿಲ್ಲ ಅಂದ್ರ ಅವು ಹಂಗೇ ಕುಸಿದು ಮಣ್ಣಾಗ್ತಾವ, ಒಂದು ಫೋಟೋ ಸೈತ ಉಳ್ಯಂಗಿಲ್ಲ. ನನ್ನ ತಕರಾರು ಇರೋದು ಹೋಗೋ ರೀತಿ ಮ್ಯಾಲ. ಗಾಡಿ ಸೀದಾ ವಾಡೆ ಮುಂದ ನಿಲ್ಸಿ, ಮುರಿದ ಬಾಗಿಲದಾಗಿಂದ ನುಗ್ಗಿ, ಶೂಟ್ ಮಾಡ್ಕೊಂಡು ಹೊಂಟೋಗ್ತಾರ, ಅಗಸಿ ಕಟ್ಟಿ ಮ್ಯಾಲ ಕುಂತ ಹಿರೇರ ಜೊತಿ ಒಂದು ಮಾತು ಆಡಂಗಿಲ್ಲ. ಆಮ್ಯಾಲ ವಿಡಿಯೋಕ್ಕ ದೆವ್ವದ ಮ್ಯೂಸಿಕ್ ಹಾಕಿ, ಇಲ್ಲಿ ರಾತ್ರಿ ಅಳೋ ಸಪ್ಪಳ ಬರ್ತದಂತ ಹೇಳ್ತಾರ. ಅಲ್ಲಿ ಸತ್ತವರ ಮಕ್ಕಳು, ಮೊಮ್ಮಕ್ಕಳು ಅದೇ ಊರಾಗ, ಒಂದೆರಡು ಓಣಿ ದಾಟಿ ಇರ್ತಾರ, ಅವರ ಫೋನಿಗೂ ಆ ವಿಡಿಯೋ ಬರ್ತದ.

ನಮ್ಮ ಭಾಗದ ಕಥಿ ಗೊತ್ತಿಲ್ದೆ ಇಂಥಾ ಜಾಗಕ್ಕ ಹೋಗಬಾರ್ದು. ದೇಶಕ್ಕ 1947ರಾಗ ಸ್ವಾತಂತ್ರ್ಯ ಬಂತು, ನಮಗ ಬರ್ಲಿಲ್ಲ, ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಹೈದರಾಬಾದ್ ಸಂಸ್ಥಾನದ ನಿಜಾಮನ ಕೈಯಾಗೇ ಇದ್ವಿ. ಆ ಹೊತ್ತಿನಾಗ ರಜಾಕಾರರು, ಅಂದ್ರ ನಿಜಾಮನ ಆಳ್ವಿಕಿ ಪರ ನಿಂತ ಖಾಸಗಿ ಪಡೆಯವ್ರು, ಹಳ್ಳಿಗಳ ಮ್ಯಾಲ ಬಿದ್ದು ಲೂಟಿ ಮಾಡಿದ್ರು, ಮನಿ ಸುಟ್ರು, ಜನರನ್ನ ಕೊಂದ್ರು. ಬೀದರ್ ಜಿಲ್ಲಾದ ಗೋರಟಾ ಅಂದ್ರ ಇವತ್ತಿಗೂ ಹಿರೇರ ದನಿ ಇಳೀತದ, 1948ರ ಮೇ ತಿಂಗಳಾಗ ಅಲ್ಲಿ ನಡೆದ ಹತ್ಯಾಕಾಂಡಕ್ಕ ಈಗ ಸ್ಮಾರಕ ಅದ. ಸೆಪ್ಟೆಂಬರ್ 13ಕ್ಕ ಭಾರತದ ಸೈನ್ಯ ಒಳಗ ಬಂತು, 17ಕ್ಕ ನಿಜಾಮ ಸೋಲೊಪ್ಪಿದ, ಅದೇ ತಾರೀಖಿಗೆ ನಾವು ಪ್ರತಿ ವರ್ಷ ಧ್ವಜ ಹಾರಸ್ತೀವಿ. ಆದ್ರ ಅಲ್ಲಿಗೇ ಸಾವು ನಿಲ್ಲಲಿಲ್ಲ. ಪೊಲೀಸ್ ಆಕ್ಷನ್ ಅಂತ ಕರ್ಯೋ ಆ ಸೈನ್ಯದ ಕಾರ್ಯಾಚರಣೆ ಆದ ಮ್ಯಾಲ ರಜಾಕಾರರಿಗೂ ತಮಗೂ ಸಂಬಂಧವೇ ಇರದ ಸಾದಾ ಮುಸ್ಲಿಂ ಮನೆತನಗಳ ಮ್ಯಾಲ ಸೇಡು ಬಿತ್ತು. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ 1948ರ ಕೊನಿಗೆ ಈ ಕಡೆ ಎಲ್ಲಾ ತಿರುಗಾಡಿ, ಇಡೀ ಸಂಸ್ಥಾನದಾಗ ಕಮ್ಮಿ ಅಂದ್ರೂ 27,000ದಿಂದ 40,000 ಜನ ಸತ್ತಿದ್ದಾರ ಅಂತ ಅಂದಾಜು ಕೊಡ್ತು. ಭಾಳ ಪೆಟ್ಟು ತಿಂದ ನಾಲ್ಕು ಜಿಲ್ಲಾ ಯಾವು ಅಂದ್ರ ಉಸ್ಮಾನಾಬಾದ್, ನಾಂದೇಡ್, ಬೀದರ್, ಗುಲಬರ್ಗಾ (ಈಗಿನ ಕಲಬುರಗಿ). ಯಾದಗಿರಿ ಆವಾಗ ಗುಲಬರ್ಗಾದ ಒಳಗೇ ಇತ್ತು. ಹೆಣ ತುಂಬಿದ ಬಾವಿಗಳನ್ನ ತಾವೇ ಕಣ್ಣಾರೆ ನೋಡಿದ್ದನ್ನ ಸಮಿತಿಯವ್ರು ಬರ್ದಾರ. ಮುಸ್ಲಿಂ ನೇಕಾರರನ್ನ ಉಳಸ್ಲಾಕ ಹೋಗಿ ತಮ್ಮ ಜೀವಾನೇ ಕೊಟ್ಟ ಹಿಂದೂ ನೇಕಾರರ ಬಗ್ಗೆನೂ ಬರ್ದಾರ. ಆ ವರದಿ ಹತ್ತಾರು ವರ್ಷ ಜನರ ಕೈಗೆ ಸಿಗಲೇ ಇಲ್ಲ.

ಹಿಂಗಾಗಿ ನಮ್ಮ ಕಡೆ ಹಾಳು ಬಾವಿ ಅಂದ್ರ ಬರೀ ಹಾಳು ಬಾವಿ ಆಗಿರಲಿಕ್ಕಿಲ್ಲ. ಅದು ಗೋರಿ ಇದ್ದಂಗ, ಕಲ್ಲು ನಿಲ್ಸಿಲ್ಲ, ಹೆಸರು ಕೆತ್ತಿಲ್ಲ ಅಷ್ಟೇ. ಒಂದು ಊರಾಗ ಮುದುಕರು ಆ ಬಾವಿ ಕಡೆ ಕೈ ಸೈತ ಮಾಡಿ ತೋರಸಂಗಿಲ್ಲ, ಇನ್ನೊಂದು ಊರಾಗ ಅದರ ಮ್ಯಾಲ ಕಸ ಸುರುವಿ ಮುಚ್ಚಿರ್ತಾರ. ಡ್ರೋನ್ ಬಿಟ್ಟು ಬಾವಿ ಒಳಗ ಇಳಿಸೋದು, ಕಲ್ಲು ಒಗೆದು ಸಪ್ಪಳ ರೆಕಾರ್ಡ್ ಮಾಡೋದು, ಇವೆಲ್ಲ ನೋಡಿದ್ರ ನನಗ ಸಂಕಟ ಆಗ್ತದ. ಅಲ್ಲಿ ಯಾರು ಬಿದ್ರು, ಯಾರು ನೂಕಿದ್ರು ಅನ್ನೋದು ಎರಡೂ ಕಡೀದ ಮನೆತನಕ್ಕ ಗೊತ್ತಿರ್ತದ, ಅವರು ಒಂದೇ ಬಜಾರದಾಗ ಸಂತಿ ಮಾಡ್ಕೊಂಡು, ಒಬ್ಬರ ಮದುವಿಗೆ ಇನ್ನೊಬ್ರು ಹೋಗ್ಕೊಂಡು ಎಪ್ಪತ್ತು ವರ್ಷದ ಮ್ಯಾಲ ಬಾಳ್ವಿ ಮಾಡ್ಯಾರ. ಆ ಬಾಳ್ವಿ ಸುಲಭದ್ದಲ್ಲ. ಹೊರಗಿನವ್ರು ಬಂದು ಅದನ್ನ ಒಂದು ನಿಮಿಷದ ರೀಲ್ಸ್ ಮಾಡಿ ಹೋದ್ರ ಕಮೆಂಟ್‌ನಾಗ ಬೈದಾಡೋರು ಬ್ಯಾರೆ ಊರವ್ರು, ಮರುದಿನ ಮುಂಜಾನೆ ಒಬ್ಬರ ಮುಖ ಒಬ್ರು ನೋಡಬೇಕಾದವ್ರು ಈ ಊರವ್ರು.

ಇದರ ಇನ್ನೊಂದು ಮಗ್ಗಲೂ ಹೇಳ್ಬೇಕು. ಹಾಳು ಬಿದ್ದ ಪ್ರತಿ ಮನಿಗೂ 1948ರ ಕಥಿ ಅಂಟಸ್ಲಾಕ ಬರಂಗಿಲ್ಲ. ಕಸುಬಿನಾಗ ನಾ ಕಂಡ ವಾಡೆಗಳೊಳಗ ಭಾಳಷ್ಟು ಖಾಲಿ ಆಗಿದ್ದು ಪಾಲು ಹಂಚಿಕಿ ಜಗಳಕ್ಕ, ಕೋರ್ಟ್ ಕೇಸಿಗೆ, 1972ರ ಬರಗಾಲಕ್ಕ, 1974ರ ಭೂಸುಧಾರಣೆ ತಿದ್ದುಪಡಿ ಆಗಿ ಗೇಣಿ ಹೊಲ ಕೈ ಬಿಟ್ಟ ಮ್ಯಾಲ, ಮಕ್ಕಳು ಹೈದರಾಬಾದ್, ಪುಣೆ, ಬೆಂಗಳೂರು ಸೇರಿದ ಮ್ಯಾಲ. ಒಂದು ತೊಲಿ ಸುಟ್ಟು ಕರ್ರಗಾಗಿದ್ದು ಕಂಡ ಕೂಡ್ಲೇ ರಜಾಕಾರರು ಸುಟ್ಟಿದ್ದು ಅಂತಾನೋ, ಇಲ್ಲಾ ಆಮ್ಯಾಲಿನ ಗಲಾಟಿದಾಗ ಸುಟ್ಟಿದ್ದು ಅಂತಾನೋ ಕ್ಯಾಪ್ಶನ್ ಹಾಕಿಬಿಡ್ತಾರ. ಅದನ್ನ ಹೆಂಗ ನೋಡ್ಬೇಕು ಅಂತ ಸ್ವಲ್ಪ ಹೇಳ್ತೀನಿ. ಅಡಗಿಮನಿ ಹೊಗಿ ತೊಲಿ ಮ್ಯಾಲ ಎಣ್ಣಿ ಹಚ್ಚಿದಂಗ ಮಿರಮಿರ ಮಿಂಚೋ ಪದರಾಗಿ ಕುಂತಿರ್ತದ, ಉಗುರಿಂದ ಕೆರೆದ್ರ ಒಳಗ ಕಟಗಿ ಗಟ್ಟಿ ಇರ್ತದ. ಬೆಂಕಿ ಹತ್ತಿದ ತೊಲಿ ಹಂಗಲ್ಲ, ಚೌಕ ಚೌಕ ಬಿರುಕು ಬಿಟ್ಟು ಇದ್ದಲಿ ಆಗಿರ್ತದ, ಮೂಲಿ ಕೊರೆದಂಗ ದಪ್ಪ ಕಮ್ಮಿ ಆಗಿರ್ತದ, ಕಬ್ಬಿಣದ ಅಂಶ ಇರೋ ಕಲ್ಲಾದ್ರ ಜೋರ ಬೆಂಕಿಗೆ ಬಣ್ಣಾನೇ ತಿರುಗಿ ಕೆಂಪಗಾಗ್ತದ. ಇಷ್ಟು ನೋಡಿದ್ರೂ ಬೆಂಕಿ ಬಿದ್ದದ ಅಂತ ಹೇಳಬಹುದೇ ವಿನಾ ಯಾವ ವರ್ಷ, ಯಾರು ಹಚ್ಚಿದ್ರು ಅಂತ ಆ ತೊಲಿ ಹೇಳಂಗಿಲ್ಲ. ಅದಕ್ಕ ಕಾಗದ ಬೇಕು, ಊರಿನ ಹಿರೇರ ಮಾತು ಬೇಕು, ಎರಡೂ ಕಡೀದವರ ಮಾತು ಬೇಕು. ಸುಳ್ಳು ಇತಿಹಾಸಕ್ಕ ನಮ್ಮ ಕಡೆ ಜೀವದ ಬೆಲಿ ಅದ, ಅದಕ್ಕಾಗೇ ಇಷ್ಟು ಉದ್ದಕ್ಕ ಬರ್ಯಾಕತ್ತೀನಿ.

ಮತ್ತ ಆ ಇದ್ದಲಿ ಹಿಡಿದ ತೊಲಿ ಮ್ಯಾಲೇ ಕೀಲಿಕೈಲಿಂದ ತಮ್ಮ ಹೆಸರು, ಹುಡುಗಿ ಹೆಸರು ಕೆತ್ತಿ ಹೋಗಿರ್ತಾರ. ಉಳಿದ ಒಂದೇ ಸಾಕ್ಷಿ ಅದು.

ಯಾರ ನೋವು ಅಂತ ಕೇಳೋವಾಗ ಊರಾಗೂ ಕೇಳ್ಬೇಕು, ಕೇರಿಯಾಗೂ ಕೇಳ್ಬೇಕು. ದೇಶಮುಖರ, ಪಾಟೀಲರ ವಾಡೆ ತೋರಿಸಿ, ಎಂಥಾ ವೈಭವ ಇತ್ತು, ಹೆಂಗ ಹಾಳಾತು ಅಂತ ಹಾಡು ಹಾಕಿ ವಿಡಿಯೋ ಮಾಡ್ತಾರ. ಮನಿ ಬಿಟ್ಟ ಮನೆತನಕ್ಕ ಅದು ಖರೇನೇ ದುಃಖ, ಜಂತಿಗೆ ತೊಟ್ಟಲ ಕಟ್ಟಿದ ಬಳಿ ಇನ್ನೂ ನೇತಾಡ್ತಿರ್ತದ, ಅದರಾಗ ಮಲಗಿದ್ದ ಕೂಸು ಈಗ ಅಜ್ಜ ಆಗಿ ಪುಣೆದಾಗ ಇರ್ತಾನ. ಅದೇ ವಾಡೆದಾಗ ಜೀತಕ್ಕಿದ್ದ ಮನುಷ್ಯಾನ ಮಗನಿಗೆ ಕೇಳ್ರಿ. ಜೀತ ಪದ್ಧತಿ ರದ್ದಾಗಿದ್ದು 1976ರಾಗ, ಅಂದ್ರ ಅದನ್ನ ಮೈಮ್ಯಾಲ ಅನುಭವಿಸಿದವ್ರು ಇನ್ನೂ ನಮ್ಮ ನಡುವ ಅದಾರ. ನಾನು ಒಂದು ವಾಡೆ ಅಳತಿ ಮಾಡೋವಾಗ ಟೇಪ್ ಹಿಡೀಲಾಕ ಬಂದಿದ್ದ ಹಿರಿಯರೊಬ್ರು ಅಂಗಳದ ತನಕ ಬಂದು ನಿಂತ್ರು, ಪಡಸಾಲಿ ಮೆಟ್ಲು ಹತ್ತಲಿಲ್ಲ. ಛಾವಣಿ ಬಿದ್ದು ಆಕಾಶ ಕಾಣ್ತದ, ಮಾಲಕರ ಪೈಕಿ ಒಬ್ರೂ ಆ ಊರಾಗಿಲ್ಲ, ಆದ್ರೂ ಹತ್ತಲಿಲ್ಲ. ನಮ್ಮಪ್ಪ ಇಲ್ಲೇ ಜ್ವಾಳದ ಚೀಲ ಇಳಿಸಿ ನಿಲ್ತಿದ್ದ, ಮುಂದ ಬಿಡ್ತಿರ್ಲಿಲ್ಲ ಅಂದ್ರು. ಆ ಮೆಟ್ಲಿನ ಅಳತಿ ನನ್ನ ನಕ್ಷೆದಾಗ ಅದ, ಅವರ ಮಾತು ಕೂಡ ಅದರ ಬಾಜೂಕ, ಅವರ ಒಪ್ಪಿಗಿ ತಗೊಂಡು, ಹೆಸರು ಹಾಕದೆ ಬರ್ದಿಟ್ಟೀನಿ. ವೈಭವ ಅಂತ ಮಾತ್ರ ತೋರಿಸೋ ವಿಡಿಯೋದಾಗ ಈ ಮಾತಿಗೆ ಜಾಗ ಎಲ್ಲದ?

ಜೀವಕ್ಕ ಸಂಬಂಧಪಟ್ಟ ಮಾತೂ ಹೇಳಬೇಕಾಗ್ತದ. ನಮ್ಮ ಮಾಳಿಗಿ ಮನಿ ಛಾವಣಿ ಅಂದ್ರ ಕಟಗಿ ಜಂತಿ, ಅದರ ಮ್ಯಾಲ ಚಿಪಾಟಿ ಇಲ್ಲಾ ಹಲಗಿ, ಅದರ ಮ್ಯಾಲ ದಪ್ಪಗ ಮಣ್ಣು. ಜನ ಇದ್ದಾಗ ಮಳಿಗಾಲಕ್ಕ ಮೊದ್ಲು ಮ್ಯಾಲುಮುದ್ದಿ (ಛಾವಣಿ ಮ್ಯಾಲ ಹೊಸ ಮಣ್ಣಿನ ಪದರ) ಹಾಕ್ತಿದ್ರು, ಬಿಟ್ಟ ಮ್ಯಾಲ ನೀರು ಇಳಿದು ಮಣ್ಣು ತೂಕ ಹಿಡೀತದ, ಜಂತಿ ತುದಿ ಗ್ವಾಡಿ ಒಳಗ ಹೋಗಿರ್ತದಲ್ಲ, ಅಲ್ಲೇ ಮೊದ್ಲು ಕೊಳೀತದ, ಹೊರಗಿಂದ ಕಾಣಂಗಿಲ್ಲ. ನಡು ಕ್ವಾಣಿದಾಗ ನಿಂತು ಟ್ರೈಪಾಡ್ ಇಡಬ್ಯಾಡ್ರಿ, ಮಾಳಿಗಿ ಮ್ಯಾಲ ಹತ್ತಲೇಬ್ಯಾಡ್ರಿ. ಇನ್ನೊಂದು ಹಗೇವು. ಜ್ವಾಳ ತುಂಬೋ ನೆಲಮಾಳಿಗಿ ತಗ್ಗು, ಮುಚ್ಚಿಟ್ಟದ್ದರೊಳಗ ಕಾಳು ಕೊಳೆತು ಆಮ್ಲಜನಕ ಮುಗಿದು ಕೆಟ್ಟ ಗಾಳಿ ತುಂಬಿರ್ತದ, ವಾಸನಿ ಬರಲಿಕ್ಕಿಲ್ಲ, ಇಳಿದವ್ರು ಒಂದೆರಡು ಉಸಿರಿನಾಗ ಬಿದ್ದುಬಿಡ್ತಾರ, ಅವರನ್ನ ಎತ್ತಲಾಕ ಇಳಿದವ್ರೂ ಹೋಗ್ತಾರ. ಗುಪ್ತ ಸುರಂಗ ಅಂತ ತಿಳ್ಕೊಂಡು ಯಾರೂ ಇಳೀಬ್ಯಾಡ್ರಿ.

ಲೊಕೇಶನ್ ಯಾಕ ಕಳಸಂಗಿಲ್ಲ ಅಂದ್ರ ನಿಧಿಗಳ್ಳರು. ವಿಡಿಯೋದಾಗ ಮ್ಯಾಪ್ ಪಿನ್ ಬಿದ್ದ ಜಾಗಕ್ಕ ಅವರಿಗೆ ಹುಡುಕೋ ತ್ರಾಸೇ ಇರಂಗಿಲ್ಲ. ದೇವರ ಮನಿ ಮೂಲಿ, ಗೋರಿ ತಲೆದಿಂಬ, ಹೊಸ್ತಿಲ ಬುಡ ಅಗೆದು ಲಿಂಬಿಹಣ್ಣು ಕುಂಕುಮ ಬಿಟ್ಟು ಹೋಗಿರ್ತಾರ, ಬುಡ ಸಡ್ಲಾದ ಗ್ವಾಡಿ ಮುಂದಿನ ಮಳಿಗೆ ಮಲಗ್ತದ. ಕೆತ್ತಿದ ಬಾಗಿಲ ಚೌಕಟ್ಟು ಕಿತ್ಕೊಂಡು ಮಾರೋರು ಬ್ಯಾರೆ. ಮಾಟ, ಮೂಢನಂಬಿಕಿ ತಡೀಲಾಕ ರಾಜ್ಯದಾಗ 2017ರ ಕಾಯ್ದೆ ಅದ, ಸಂರಕ್ಷಿತ ಸ್ಮಾರಕ ಕೆಡಿಸಿದ್ರ 1958ರ ಕೇಂದ್ರ ಕಾಯ್ದೆ ಪ್ರಕಾರ ಎರಡು ವರ್ಷದ ತನಕ ಜೈಲು ಇಲ್ಲಾ ಒಂದು ಲಕ್ಷದ ತನಕ ದಂಡ, ಇಲ್ಲಾ ಎರಡೂ. ಗೋರಿ, ಸಮಾಧಿ ಇರೋ ಜಾಗಕ್ಕ ಯಾರದಾದ್ರೂ ಭಾವನಾ ನೋಯ್ತದ ಅಂತ ಗೊತ್ತಿದ್ದೂ ನುಗ್ಗೋದು ಭಾರತೀಯ ನ್ಯಾಯ ಸಂಹಿತೆ 301ರ ಪ್ರಕಾರ ಅಪರಾಧ. ಆದ್ರ ನಮ್ಮ ಹಳ್ಳಿಗಳ ಬಹುತೇಕ ವಾಡೆ, ಬಾವಿ, ಹಾಳು ಮಸೀದಿ, ಹಾಳು ಗುಡಿ ಯಾವ ಸಂರಕ್ಷಿತ ಪಟ್ಟಿದಾಗೂ ಇಲ್ಲ. ಅಲ್ಲಿ ಕಾಯೋದು ನಮ್ಮ ನಡತಿ ಒಂದೇ.

ಕಾರ್ಖಾನಿಗಳ ಮಾತೂ ಅಷ್ಟೇ. ಸೇಡಂ ತಾಲೂಕಿನ ಕುರಕುಂಟಾದ ಸಿಮೆಂಟ್ ಕಾರ್ಖಾನಿ, ಕಲಬುರಗಿ ಊರೊಳಗಿನ ಎಂ.ಎಸ್.ಕೆ. ಬಟ್ಟಿ ಮಿಲ್, ಇವು ಬಂದ್ ಆದಾಗ ಪಗಾರ ನಂಬಿದ್ದ ಮನೆತನಗಳು ಬೀದಿಗೆ ಬಿದ್ವು. ಅಲ್ಲಿ ದುಡಿದವ್ರು ಇವತ್ತೂ ಚಹಾ ಅಂಗಡಿ ಮುಂದ ಸಿಗ್ತಾರ, ಶಿಫ್ಟ್ ಸೈರನ್ ಯಾವಾಗ ಹೊಡೀತಿತ್ತು, ಯಾವ ಮಷೀನ್ ಎಲ್ಲಿತ್ತು ಅಂತ ಕಣ್ಣು ಮುಚ್ಚಿ ಹೇಳ್ತಾರ. ಅವರನ್ನ ಬಿಟ್ಟು ಬರೀ ತುಕ್ಕು ಹಿಡಿದ ಕಬ್ಬಿಣ ತೋರಿಸಿದ್ರ ಅರ್ಧ ಮಾತೂ ಹೇಳಿದಂಗ ಆಗಂಗಿಲ್ಲ.

ನಾನು ಮಾಡೋ ರೀತಿ ಕೇಳ್ತೀರಂದ್ರ, ಮೊದ್ಲನೇ ಸಲ ಹೋದಾಗ ಕ್ಯಾಮೆರಾ ಚೀಲದಾಗೇ ಇರ್ತದ. ಪಂಚಾಯ್ತಿದಾಗ ಖಾತಾ ಯಾರ ಹೆಸರಿಲೆ ಅದ ಕೇಳ್ತೀನಿ, ವಕ್ಫ್ ಜಾಗ ಇದ್ರ ಮುತವಲ್ಲಿ (ಅದನ್ನ ನೋಡ್ಕೊಳ್ಳೋರು) ಯಾರು ಅಂತ ಕೇಳ್ತೀನಿ, ಆ ಮನೆತನದವ್ರು ಎಲ್ಲೇ ಇರ್ಲಿ ಫೋನ್ ನಂಬರ್ ಹುಡುಕಿ ಮಾತಾಡ್ತೀನಿ. ಹಿರೇರ ಜೊತಿ ಕುಂತಾಗ ಗಲಾಟಿ ಬಗ್ಗೆ ನಾನಾಗೇ ತಗೀಯಂಗಿಲ್ಲ, ಬೆಳಿ ಬಗ್ಗೆ, ತೊಗರಿ ರೇಟಿನ ಬಗ್ಗೆ ಮಾತಾಡ್ತೀವಿ, ಅವರಿಗೆ ಹೇಳ್ಬೇಕು ಅನ್ನಿಸಿದ್ರ ಅವರೇ ಹೇಳ್ತಾರ. ಹೇಳ್ತಾ ಹೇಳ್ತಾ ಸುಮ್ನಾದ್ರ ನಾನೂ ಸುಮ್ನಾಗ್ತೀನಿ, ಆಮ್ಯಾಲೇನಾತು ಅಂತ ಎಳಿಯೋದಿಲ್ಲ. ಬ್ಯಾಡ ಅಂದ್ರ ಬ್ಯಾಡ. ಒಬ್ಬರು ಹೂಂ ಅಂದು ಇನ್ನೊಬ್ರು ಬ್ಯಾಡ ಅಂದ್ರೂ ನಾನು ಬ್ಯಾಡ ಅಂತಲೇ ತಿಳೀತೀನಿ, ಯಾಕಂದ್ರ ಹೂಂ ಅಂದವ್ರಿಗೆ ಕಳ್ಕೊಳ್ಳೋದು ಏನೂ ಇರಲಿಕ್ಕಿಲ್ಲ, ಬ್ಯಾಡ ಅಂದವ್ರಿಗೆ ಇರ್ತದ.

ಈಗಾಗ್ಲೇ ವಿಡಿಯೋ ಹಾಕಿದವ್ರು ಏನು ಮಾಡ್ಬೇಕು ಅಂತನೂ ಕೇಳ್ಯಾರ. ಪಿನ್ ಮತ್ತ ಊರ ಹೆಸರು ತಗೀರಿ, ಕೇಳದೆ ತೋರಿಸಿದ ಮಕ್ಕಳ, ಹೆಣ್ಮಕ್ಕಳ ಮುಖ ಮಸುಕು ಮಾಡ್ರಿ, ದೆವ್ವದ ಕಥಿ, ಖಾತ್ರಿ ಇಲ್ಲದ 1948ರ ಕಥಿ ಇದ್ರ ಆ ಭಾಗ ಕತ್ತರಿಸ್ರಿ. ಬಾವಿ ಇಲ್ಲಾ ಗೋರಿ ಇದ್ರ ಪೂರ್ತಿ ತಗೀರಿ, ಆ ಊರವ್ರು ಇರ್ಲಿ ಅನ್ನೋ ತನಕ. ನಿಮ್ಮ ಹತ್ರ ಇರೋ ಪೂರಾ ಶೂಟಿಂಗ್ ಮಾತ್ರ ಅಳಿಸಬ್ಯಾಡ್ರಿ, ಮುಂದಿನ ವರ್ಷ ಆ ಗ್ವಾಡಿ ಇರಲಿಕ್ಕಿಲ್ಲ. ತಾರೀಖು, ಎಲ್ಲಿಂದ ನಿಂತು ತಗೊಂಡ್ರಿ, ಯಾರು ಒಪ್ಪಿಗಿ ಕೊಟ್ರು ಅಂತ ಬರ್ದು ಒಂದು ಪೆನ್‌ಡ್ರೈವ್‌ನಾಗ ಹಾಕಿ ಆ ಮನೆತನಕ್ಕ ಒಂದು, ಊರಿನ ಶಾಲಿಗೆ ಒಂದು ಕೊಟ್ಟು ಬರ್ರಿ, ಆಮ್ಯಾಲ ಅದನ್ನ ಹೊರಗ ತೋರಿಸೋದೋ ಬಿಡೋದೋ ಅವರು ತೀರ್ಮಾನ ಮಾಡ್ತಾರ.