ಬೈಲಾ ತಿದ್ದುವ ದಾರಿಯೇ ಇಲ್ಲದ ಒಪ್ಪಂದ

ಮುಲುಂಡ್‌ನಿಂದ ಐರೋಳಿ ಸೇತುವೆ ದಾಟುವಾಗ ಠಾಣೆ ಖಾಡಿ ಕಾಣುತ್ತದೆ. ಚಳಿಗಾಲ ಕಳೆಯುವ ಹೊತ್ತಿಗೆ ಕೆಸರಿನ ಮೇಲೆಲ್ಲ ರಾಜಹಂಸಗಳು, ದಡದಲ್ಲಿ ನಮ್ಮ ಕರಾವಳಿಯವರು ಕಾಂಡ್ಲಾ ಅನ್ನುವ ಮ್ಯಾಂಗ್ರೋವ್ ಕಾಡು. 2022ರಲ್ಲಿ ಈ ಖಾಡಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜೌಗು ಪ್ರದೇಶ ಉಳಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ, ಸೇರಿತು. "ಸೇರಿಸಿದ್ದು ವಿಶ್ವಸಂಸ್ಥೆಯಾ?" ಎಂದು ಮಾಟುಂಗಾದ ಗೆಳೆಯರೊಬ್ಬರು ಕೇಳಿದರು. ಅಲ್ಲ, ಹೆಸರು ಕೊಟ್ಟದ್ದು ಭಾರತವೇ. ಹಾಗಾದರೆ ಆ ಒಪ್ಪಂದದ ಯಜಮಾನರು ಯಾರು?

ಮುಂಬಯಿಯವರಿಗೆ ಹೌಸಿಂಗ್ ಸೊಸೈಟಿಯ ಲೆಕ್ಕದಲ್ಲಿ ಹೇಳಿದರೆ ಸುಲಭ. ಸದಸ್ಯ ದೇಶಗಳೆಲ್ಲ ಮೂರು ವರ್ಷಕ್ಕೊಮ್ಮೆ ಸೇರುವುದು ಜನರಲ್ ಬಾಡಿ. ನಡುವೆ ಕೆಲಸ ನೋಡಿಕೊಳ್ಳುವ ಸ್ಥಾಯಿ ಸಮಿತಿಯೇ ಮ್ಯಾನೇಜಿಂಗ್ ಕಮಿಟಿ. ಕಚೇರಿ ಸ್ವಿಟ್ಜರ್ಲೆಂಡಿನ ಗ್ಲಾಂಡ್‌ನಲ್ಲಿದೆ.

ಆದರೆ ಮೊದಲು ಹೀಗಿರಲಿಲ್ಲ. 1971ರ ಫೆಬ್ರುವರಿ 2ರಂದು ಇರಾನಿನ ರಾಮ್‌ಸಾರ್‌ನಲ್ಲಿ 18 ದೇಶಗಳು ಜೌಗು ಪ್ರದೇಶ ಉಳಿಸುವ ಈ ಕರಾರಿಗೆ ಒಪ್ಪಿದವು. 1975ರಲ್ಲಿ ಜಾರಿಗೂ ಬಂತು. ಬರೆದವರು ಒಂದು ವಿಷಯ ಮರೆತಿದ್ದರು: ಕರಾರನ್ನು ತಿದ್ದುವುದು ಹೇಗೆ ಎಂಬುದು ಅದರಲ್ಲಿ ಇರಲೇ ಇಲ್ಲ! ಸಭೆ ಸೇರಬಹುದಿತ್ತು, ಆದರೆ ಅದು ಸುಮ್ನೆ ಸಲಹೆ ಕೊಡುವ ಸಭೆ. ಸ್ವಂತ ಬಜೆಟ್ಟೂ ಇಲ್ಲ, ಕಚೇರಿಯೂ ಇಲ್ಲ.

1980ರಲ್ಲಿ ಇಟಲಿಯ ಕಾಲ್ಯಾರಿಯಲ್ಲಿ ಮೊದಲ ಸಭೆ ನಡೆಯಿತು. 1982ರಲ್ಲಿ ಪ್ಯಾರಿಸ್‌ನಲ್ಲಿ ಸೇರಿ, ತಿದ್ದಲು ಅವಕಾಶ ಕೊಡುವ ಇನ್ನೊಂದು ಒಪ್ಪಂದವನ್ನೇ ಮಾಡಿಕೊಂಡರು. ಬೀಗ ತೆಗೆಯಲು ಮೊದಲು ಕೀಲಿ ಮಾಡಿಸಿದ ಹಾಗೆ. ನಿಜವಾದ ತಿದ್ದುಪಡಿ ಆದದ್ದು 1987ರಲ್ಲಿ, ಕೆನಡಾದ ರೆಜೈನಾದಲ್ಲಿ. ಸಭೆಗೆ ಅಧಿಕಾರ ಮತ್ತು ಬಜೆಟ್ ಬಂದದ್ದು ಆಗಲೇ. ಸ್ಥಾಯಿ ಸಮಿತಿ ಹುಟ್ಟಿದ್ದೂ ಅದೇ ಊರಿನಲ್ಲಿ. ಆದರೆ ತಿದ್ದುಪಡಿ ಜಾರಿಯಾಗಲು ಮೂರನೇ ಎರಡರಷ್ಟು ದೇಶಗಳ ಒಪ್ಪಿಗೆ ಬೇಕು. ಅದಕ್ಕೆ 1994ರವರೆಗೆ ಕಾಯಬೇಕಾಯಿತು. ನಮ್ಮ ಕಟ್ಟಡದ ರಿಪೇರಿ ಠರಾವು ಇದಕ್ಕಿಂತ ಬೇಗ ಪಾಸಾಗುತ್ತದೆ ಅಲ್ವಾ!

ಈಗಲೂ ಹೆಚ್ಚಿನ ತೀರ್ಮಾನಗಳು ಒಮ್ಮತದಿಂದಲೇ. ಮತಕ್ಕೆ ಹಾಕುವುದು ಅಪರೂಪ. 2022ರಲ್ಲಿ, ಯುದ್ಧದಿಂದ ಯುಕ್ರೇನ್‌ನ ಜೌಗು ಪ್ರದೇಶಗಳಿಗಾದ ಹಾನಿಯ ವಿಷಯಕ್ಕೆ ಹಾಕಬೇಕಾಯಿತು. ವಂತಿಗೆ ವಿಶ್ವಸಂಸ್ಥೆಯ ಅಳತೆಯ ಪ್ರಕಾರ, ಶ್ರೀಮಂತ ದೇಶಕ್ಕೆ ಜಾಸ್ತಿ. ಕಳೆದ ಸಭೆ 2025ರ ಜುಲೈನಲ್ಲಿ ಜಿಂಬಾಬ್ವೆಯ ವಿಕ್ಟೋರಿಯಾ ಫಾಲ್ಸ್‌ನಲ್ಲಿ ನಡೆಯಿತು.

ಇನ್ನು ನಮ್ಮ ಖಾಡಿ. ಅದರ ಸ್ಥಿತಿ ಕೆಟ್ಟರೆ ಗ್ಲಾಂಡ್‌ಗೆ ತಿಳಿಸಬೇಕಾದ್ದು ಭಾರತ ಸರ್ಕಾರ. ಸಭೆ ವಿವರ ಕೇಳಬಹುದು, ಸಲಹೆ ಕೊಡಬಹುದು. ದಂಡ ಹಾಕುವಂತಿಲ್ಲ. ಮೇಂಟೆನೆನ್ಸ್ ತಡವಾದರೆ ನಮ್ಮ ಸೊಸೈಟಿ ಬಡ್ಡಿಯನ್ನಾದರೂ ಹಾಕುತ್ತದೆ.