ಕಿಡ್ನಿ ಕಸಿಯ ಮಾತ್ರೆಯಿಂದ ಮೆದುಳಿಗೆ ಲಿಂಫೋಮ ಬರುತ್ತದೆಯಾ?

ಪ್ರಶ್ನೆ: ನನ್ನ ಅಣ್ಣನಿಗೆ ಕಿಡ್ನಿ ಕಸಿ ಆಗಿ ನಾಲ್ಕು ವರ್ಷ. ಈಗ ಮಂಗಳೂರಿನಲ್ಲಿ ಎಂಆರ್‌ಐ ಮಾಡಿ, ಮೆದುಳಿನಲ್ಲಿ ಲಿಂಫೋಮ ಇರಬಹುದು ಎಂದಿದ್ದಾರೆ. ಕಸಿಯ ಮಾತ್ರೆಯಿಂದಲೇ ಹೀಗಾಯ್ತಾ? ಹಾಗಿದ್ದರೆ ಅದನ್ನು ನಿಲ್ಲಿಸಿಬಿಡಬಹುದಲ್ವಾ?
– ಬದಿಯಡ್ಕದ ಓದುಗರು

ನೀವಾಗಿ ನಿಲ್ಲಿಸಬೇಡಿ. ಇವತ್ತು ರಾತ್ರಿಯ ಮಾತ್ರೆಯನ್ನೂ ತಪ್ಪಿಸಬೇಡಿ. ಲಿಂಫೋಮ ಅಂದರೆ ರಕ್ತದ ಬಿಳಿ ಕಣಗಳ ಒಂದು ಕ್ಯಾನ್ಸರ್. ಮಾತ್ರೆಗೂ ಈ ಕಾಯಿಲೆಗೂ ಸಂಬಂಧ ಇರುವುದು ನಿಜ. ಆದರೆ ಎಷ್ಟು ಕಡಿಮೆ ಮಾಡಬೇಕು, ಯಾವಾಗ ಮಾಡಬೇಕು ಎಂದು ಕಿಡ್ನಿ ಡಾಕ್ಟರೇ ಹೇಳಬೇಕು.

ಎಪ್ಸ್ಟೀನ್-ಬಾರ್ ಎಂಬ ವೈರಸ್ ಇದೆ. 1964ರಲ್ಲಿ ಪತ್ತೆಯಾದದ್ದು. ಎಂಜಲಿನಿಂದ ಹರಡುತ್ತದೆ, ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಸಣ್ಣ ಜ್ವರದ ಹಾಗೆ ಬಂದು ಹೋಗಿರುತ್ತದೆ. ನಿಜವಾಗಿ ಅದು ಹೋಗಿರುವುದಿಲ್ಲ. ರಕ್ತದ ಬಿ ಕಣಗಳು ಎಂಬ ಬಿಳಿ ಕಣಗಳಲ್ಲಿ ಜೀವನಪೂರ್ತಿ ಅಡಗಿ ಕೂತಿರುತ್ತದೆ. ಅದು ಮೇಲೇಳದ ಹಾಗೆ ನೋಡಿಕೊಳ್ಳುವುದು ಟಿ ಕಣಗಳು ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು, ಹಂದಿ ನುಗ್ಗದ ಹಾಗೆ ರಾತ್ರಿ ತೋಟಕ್ಕೆ ಕಾವಲು ಕೂತವರ ಹಾಗೆ. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್‌ನಂಥ ಮಾತ್ರೆಗಳು ಈ ಕಾವಲನ್ನು ಮಂಪರಿನಲ್ಲಿ ಇಡುತ್ತವೆ. ಇಲ್ಲದಿದ್ದರೆ ಹೊಸ ಕಿಡ್ನಿಯ ಮೇಲೇ ಆ ಟಿ ಕಣಗಳು ಬೀಳುತ್ತವೆ. ಕಾವಲು ಸಡಿಲವಾದಾಗ ಕೆಲವರಲ್ಲಿ, ತೀರಾ ಕೆಲವರಲ್ಲಿ ಮಾತ್ರ, ಆ ಬಿ ಕಣಗಳು ಮೆದುಳಿನಲ್ಲೇ ಗಡ್ಡೆ ಕಟ್ಟುತ್ತವೆ. ಎಚ್‌ಐವಿ ಇದ್ದು ಸಿಡಿ4 (ಒಂದು ಬಗೆಯ ಟಿ ಕಣ) ಎಣಿಕೆ 50ಕ್ಕಿಂತ ಕೆಳಗೆ ಇಳಿದವರಲ್ಲೂ ಆಗುವುದು ಇದೇ. ಸರಿಯಾಗಿ ಎಆರ್‌ಟಿ, ಅಂದರೆ ಎಚ್‌ಐವಿಯ ಮಾತ್ರೆ, ತೆಗೆದುಕೊಳ್ಳುವವರಲ್ಲಿ ಇದು ಬಹಳ ಕಡಿಮೆಯಾಗಿದೆ.

ತಲೆನೋವಿನಿಂದಲೇ ಶುರುವಾಗಬೇಕು ಅಂತಿಲ್ಲ. ಎಷ್ಟೋ ಸಲ ಮನೆಯವರಿಗೆ ಮೊದಲು ಕಾಣುವುದು ಸ್ವಭಾವದ ಬದಲಾವಣೆ. ಅಡಿಕೆ ಮೂಟೆಯ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರು ಎಣಿಸಿದ್ದನ್ನೇ ಮತ್ತೆ ಎಣಿಸುತ್ತಾರೆ, ಸುಮ್ನೆ ಕೂತುಬಿಡುತ್ತಾರೆ. ಆಮೇಲೆ ಒಂದು ಕೈ ಸೋಲುತ್ತದೆ, ಇಲ್ಲವೇ ಫಿಟ್ಸ್ ಬರುತ್ತದೆ. ಕಸಿ ಆದವರಲ್ಲಿ ಇದನ್ನೆಲ್ಲ ‘ಟೆನ್ಶನ್’ ಎಂದು ದಯವಿಟ್ಟು ತಳ್ಳಿಹಾಕಬೇಡಿ.

ನಿಮಗೆ ‘ಇರಬಹುದು’ ಎಂದು ಹೇಳಿದ್ದಾರೆ ಅಲ್ವಾ? ಅದು ಸರಿಯಾದ ಮಾತೇ. ಪ್ರತಿರೋಧ ಕುಗ್ಗಿದವರ ಸ್ಕ್ಯಾನಿನಲ್ಲಿ ಈ ಗಡ್ಡೆ ಹಲವು ಸಲ ಉಂಗುರದ ಹಾಗೆ ಕಾಣುತ್ತದೆ. ಕ್ಷಯದ ಗಡ್ಡೆ, ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿಯ ಸೋಂಕು ಕೂಡ ಹಾಗೇ ಕಾಣುತ್ತವೆ. ಖಚಿತವಾಗಲು ಸಾಮಾನ್ಯವಾಗಿ ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ, ಸೂಜಿಯಿಂದ ಚೂರು ತೆಗೆದು ಬಯಾಪ್ಸಿ ಮಾಡಬೇಕಾಗುತ್ತದೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಕೊಟ್ಟರೆ ಈ ಗಡ್ಡೆ ಕೆಲವೇ ದಿನಗಳಲ್ಲಿ ಕರಗಿದ ಹಾಗಾಗಬಹುದು. ರೋಗಿ ಚುರುಕಾಗುತ್ತಾರೆ, ಮನೆಯವರಿಗೆ ಸಮಾಧಾನ. ಆದರೆ ಗಡ್ಡೆ ಮತ್ತೆ ಬರುತ್ತದೆ, ನಡುವೆ ಮಾಡಿದ ಬಯಾಪ್ಸಿಯಲ್ಲಿ ಏನೂ ಸಿಗದೆ ಹೋಗಬಹುದು. ಮೆದುಳಿನ ಬಾವು ಅಪಾಯದ ಮಟ್ಟದಲ್ಲಿದ್ದರೆ ಕೊಡಲೇಬೇಕು. ಹಾಗಿಲ್ಲದಿದ್ದರೆ ‘ಬಯಾಪ್ಸಿಗೆ ಮೊದಲೇ ಸ್ಟೀರಾಯ್ಡ್ ಬೇಕಾ ಡಾಕ್ಟ್ರೇ?’ ಎಂದು ಕೇಳಿ. ಕೇಳಲು ಹಿಂಜರಿಯಬೇಡಿ. ಅಣ್ಣ ದಿನಾ ಪ್ರೆಡ್ನಿಸೋಲೋನ್ ತಿನ್ನುತ್ತಿದ್ದರೆ ಅದೂ ಸ್ಟೀರಾಯ್ಡೇ. ಹೇಳಿಬಿಡಿ, ಆದರೆ ಒಮ್ಮೆಲೇ ನಿಲ್ಲಿಸಬೇಡಿ. ಅದರಿಂದಲೂ ಜೀವಕ್ಕೆ ಅಪಾಯ.

ಚಿಕಿತ್ಸೆ ಸುಲಭದ್ದಲ್ಲ. ಗಡ್ಡೆ ಬೇರಿನ ಹಾಗೆ ಹರಡಿರುವುದರಿಂದ ಆಪರೇಶನ್ ಮಾಡಿ ಪೂರ್ತಿ ತೆಗೆಯಲು ಆಗುವುದಿಲ್ಲ. ಕಸಿಯ ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಾರೆ. ಮುಖ್ಯ ಔಷಧಿ ಜಾಸ್ತಿ ಡೋಸಿನ ಮೆಥೋಟ್ರೆಕ್ಸೇಟ್ ಎಂಬ ಕೀಮೋ. ಅದು ದೇಹದಿಂದ ಹೊರಗೆ ಹೋಗುವುದು ಕಿಡ್ನಿಯ ಮೂಲಕ, ಹಾಗಾಗಿ ಕಸಿಯ ಕಿಡ್ನಿ ಎಷ್ಟು ತಡೆದೀತು ಎಂದು ಅಳೆದೇ ಕೊಡಬೇಕು. ಬಿ ಕಣಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಔಷಧಿ, ರೇಡಿಯೇಶನ್ ಕೂಡ ಇವೆ. ಕಾಯಿಲೆ ಗಂಭೀರ, ಅದನ್ನು ಮುಚ್ಚಿಡುವುದಿಲ್ಲ. ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸಿದವರೂ ಇದ್ದಾರೆ.

ನಮ್ಮ ಕಾಸರಗೋಡಿನವರಿಗೆ ಕಸಿ ಒಂದು ಊರಿನಲ್ಲಿ, ಸ್ಕ್ಯಾನ್ ತಲಪಾಡಿ ಗಡಿಯ ಆಚೆ ಮಂಗಳೂರಿನಲ್ಲಿ, ಕೀಮೋ ಬೇಕಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಎಂದು ಓಡಾಟ. ಕಸಿಯ ಡಿಸ್ಚಾರ್ಜ್ ಚೀಟಿ, ಟ್ಯಾಕ್ರೋಲಿಮಸ್ ಮಟ್ಟದ ಹಳೆಯ ರಿಪೋರ್ಟ್, ಎಂಆರ್‌ಐ ಸಿಡಿ, ಈಗ ತಿನ್ನುತ್ತಿರುವ ಮಾತ್ರೆಗಳ ಸ್ಟ್ರಿಪ್, ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿ ಕೈಯಲ್ಲೇ ಇಟ್ಟುಕೊಳ್ಳಿ. ಕಿಡ್ನಿ ಡಾಕ್ಟರ ಫೋನ್ ನಂಬರನ್ನು ಕವರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ, ಕ್ಯಾನ್ಸರ್ ಡಾಕ್ಟರು ಅಲ್ಲಿಂದಲೇ ಅವರ ಜೊತೆ ಮಾತಾಡಲಿ.