ಉಕ್ಕಿನ ತೊಲೆಗೆ ಕಾರ್ಬನ್ ಪಟ್ಟಿ: ಬಲವೆಷ್ಟು, ಬಳಕೆಗೆ ಬರುವುದೆಷ್ಟು?

ಉಕ್ಕಿನ ತೊಲೆಯ ತಳಕ್ಕೆ ಕಾರ್ಬನ್ ಫೈಬರ್ ಪಟ್ಟಿ ಅಂಟಿಸಿ ಅದನ್ನು ಬಲಪಡಿಸುವ ಈ ಪಾಠದಲ್ಲಿ ನಾನು ಎಡವಿದ್ದು ಮೊದಲ ಲೆಕ್ಕದಲ್ಲೇ. ಕಾರ್ಬನ್ ಫೈಬರ್ ಪಟ್ಟಿ ಹರಿಯಬೇಕಾದರೆ ಸುಮಾರು 2800 ಮೆಗಾಪಾಸ್ಕಲ್ ಬೇಕು; ಸಾಮಾನ್ಯ ಉಕ್ಕು 250ಕ್ಕೇ ಯೀಲ್ಡ್ ಆಗುತ್ತದೆ, ಅಂದರೆ ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗತೊಡಗುತ್ತದೆ. ಹನ್ನೊಂದು ಪಟ್ಟು ಬಲ ಸಿಕ್ಕಿತೆಂದು ಬರೆದುಬಿಟ್ಟೆ. ಪೂರಾ ತಪ್ಪು.

ತೊಲೆಗೆ ಅಂಟಿಕೊಂಡ ಪಟ್ಟಿ, ಉಕ್ಕು ಹಿಗ್ಗಿದಷ್ಟೇ ಹಿಗ್ಗಬಲ್ಲದು. ಉಕ್ಕಿನ ಯಂಗ್ ಗುಣಾಂಕ (ವಸ್ತುವಿನ ಬಿಗಿತದ ಅಳತೆ) 200 ಗಿಗಾಪಾಸ್ಕಲ್. ಯೀಲ್ಡ್ ಆಗುವ ಹೊತ್ತಿಗೆ ಅದರ ಸ್ಟ್ರೈನ್ (ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗು) 250 ÷ 200000 = 0.00125, ಅಂದರೆ ಮೀಟರಿಗೆ 1.25 ಮಿಲಿಮೀಟರ್. ಪಟ್ಟಿಯ ಗುಣಾಂಕ 165 ಗಿಗಾಪಾಸ್ಕಲ್ ಎಂದುಕೊಂಡರೆ, ಅಷ್ಟೇ ಸ್ಟ್ರೈನ್‌ಗೆ ಅದರಲ್ಲಿ ಹುಟ್ಟುವ ಸ್ಟ್ರೆಸ್ (ಕ್ಷೇತ್ರಫಲದ ಪ್ರತಿ ಘಟಕಕ್ಕೆ ಬೀಳುವ ಬಲ) ಸುಮಾರು 206 ಮೆಗಾಪಾಸ್ಕಲ್. 2800ರಲ್ಲಿ ಶೇ. 7ರಷ್ಟು ಮಾತ್ರ! ಉಳಿದದ್ದು ಪೆಟ್ಟಿಗೆಯಲ್ಲಿಟ್ಟ ಒಡವೆ.

ಇನ್ನು ಬಿಗಿತದ ಲೆಕ್ಕ. 100 ಮಿ.ಮೀ. ಅಗಲ, 1.4 ಮಿ.ಮೀ. ದಪ್ಪದ ಪಟ್ಟಿಯ ಕ್ಷೇತ್ರಫಲ 140 ಚದರ ಮಿ.ಮೀ. ಅದನ್ನು 165/200ರಿಂದ ಗುಣಿಸಿದರೆ ಸುಮಾರು 115 ಚದರ ಮಿ.ಮೀ. ಉಕ್ಕಿಗೆ ಸಮ. ತೊಲೆಯ 150 × 10 ಮಿ.ಮೀ. ಕೆಳ ಫ್ಲೇಂಜ್ (ತಳದ ಅಡ್ಡ ಪಟ್ಟಿ) 1500 ಚದರ ಮಿ.ಮೀ. ಇರುವಾಗ ನಾವು ಸೇರಿಸಿದ್ದು ಶೇ. 8ಕ್ಕಿಂತ ಕಡಿಮೆ. ಕಾಂಕ್ರೀಟಿನ ಗುಣಾಂಕ 30 ಗಿಗಾಪಾಸ್ಕಲ್ ಆಸುಪಾಸು. ಅಲ್ಲಿ ಇದೇ ಪಟ್ಟಿ ದೊಡ್ಡ ಆಸಾಮಿ. ಆದ್ದರಿಂದಲೇ ಉಕ್ಕಿಗೆ 300 ಗಿಗಾಪಾಸ್ಕಲ್ ದಾಟಿದ ಹೆಚ್ಚು ಬಿಗಿತದ ಪಟ್ಟಿಗಳನ್ನು ಹುಡುಕುತ್ತಾರೆ. ಅವು ಬೇಗ ಹರಿಯುತ್ತವೆ ಎಂಬುದು ಅದಕ್ಕೆ ತೆರುವ ಬೆಲೆ.

ಹಾಗಾದರೆ ಅಂಟಿಸುವುದೇಕೆ? ಯೀಲ್ಡ್ ಆದ ಮೇಲೆ ಉಕ್ಕಿನ ಸ್ಟ್ರೆಸ್ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಪಟ್ಟಿಯದು ಏರುತ್ತಲೇ ಇರುತ್ತದೆ. ಆ ಒಡವೆ ಹೊರಬರುವುದು ಆಗ. ಹೀಗಾಗಿ ಬಾಗುವಿಕೆ ತಗ್ಗುವುದಕ್ಕಿಂತ ಹೆಚ್ಚಾಗಿ ತೊಲೆಯ ಅಂತಿಮ ಸಾಮರ್ಥ್ಯ ಏರುತ್ತದೆ. ಒಂದು ಸೂಕ್ಷ್ಮವಿದೆ: ಅಂಟಿಸುವ ಮೊದಲೇ ತೊಲೆ ಹೊತ್ತಿದ್ದ ಭಾರದಲ್ಲಿ ಪಟ್ಟಿಗೆ ಪಾಲಿಲ್ಲ. ಪಾಲು ಬೇಕಿದ್ದರೆ ತೊಲೆಯನ್ನು ಜಾಕಿನಿಂದ ಎತ್ತಿ ಅಂಟಿಸಬೇಕು, ಇಲ್ಲವೇ ಪಟ್ಟಿಯನ್ನೇ ಮೊದಲು ಎಳೆದು ಬಿಗಿಯಬೇಕು.

ಪರೀಕ್ಷೆಯಲ್ಲಿ ಅಂಟಿನ ಬಗ್ಗೆ ಎರಡೇ ಸಾಲು ಬರೆದು ಮುಗಿಸುವವರೇ ಹೆಚ್ಚು. ನನ್ನ ಮಟ್ಟಿಗೆ ಅರ್ಧ ಪಾಠ ಅಲ್ಲೇ ಇದೆ. ಕಾಂಕ್ರೀಟಿನಲ್ಲಿ ಸಾಮಾನ್ಯವಾಗಿ ಅದರ ಮೇಲ್ಪದರವೇ ಕಿತ್ತು ಬರುತ್ತದೆ. ಉಕ್ಕು ಹಾಗೆ ಕಿತ್ತುಬರುವುದಿಲ್ಲವಾದ್ದರಿಂದ ಸೋಲುವ ಸರದಿ ಅಂಟಾದ ಎಪಾಕ್ಸಿಯದು. ಅದೂ ಪಟ್ಟಿಯ ತುದಿಗಳಲ್ಲಿ: ಬಲವೆಲ್ಲ ಅಲ್ಲಿ ಗೇಣುದ್ದದೊಳಗೆ ಪಟ್ಟಿಗೆ ದಾಟಬೇಕಾಗುವುದರಿಂದ ಜಾರಿಸುವ ಮತ್ತು ಸುಲಿಯುವ ಸ್ಟ್ರೆಸ್‌ಗಳೆರಡೂ ಒಟ್ಟಿಗೇ ಏರುತ್ತವೆ. ತುದಿಯನ್ನು ಬಾಗುಬಲ ಕಡಿಮೆಯಿರುವ ಕಡೆಗೆ ಒಯ್ಯುವುದು, ಇಳಿಜಾರಾಗಿ ತೆಳುವಾಗಿಸುವುದು, ಕ್ಲ್ಯಾಂಪ್ ಹಾಕುವುದು ಇದಕ್ಕೆ ಪರಿಹಾರ.

ಮೇಲ್ಮೈಯ ಜಿಡ್ಡು ತೆಗೆದು, ಗ್ರಿಟ್ ಬ್ಲಾಸ್ಟಿಂಗ್ ಮಾಡಿ (ಒರಟು ಕಣಗಳನ್ನು ರಭಸದಿಂದ ಎರಚಿ ಉಜ್ಜಿ), ತುಕ್ಕು ಮರಳುವ ಮೊದಲೇ ಅಂಟಿಸಬೇಕು. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದ ಹಲವು ಎಪಾಕ್ಸಿಗಳು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತವೆ. ಕಾರ್ಬನ್ ವಿದ್ಯುತ್ ವಾಹಕ; ತೇವದಲ್ಲಿ ಉಕ್ಕನ್ನು ನೇರ ಮುಟ್ಟಿದರೆ ಉಕ್ಕು ಸವೆಯುತ್ತದೆ, ಹಾಗಾಗಿ ನಡುವೆ ಗಾಜಿನ ನಾರಿನ ತೆಳು ಪದರ ಇಡುತ್ತಾರೆ.

ವೆಬ್‌ನ (ತೊಲೆಯ ನಡುವಿನ ನಿಂತ ತಗಡಿನ) ಶಿಯರ್ ತಡೆಯುವ, ಅಂದರೆ ಕತ್ತರಿಸುವಂಥ ಬಲ ತಡೆಯುವ, ಶಕ್ತಿ ಸಾಲದೆ ಅಥವಾ ತೊಲೆ ಪಕ್ಕಕ್ಕೆ ಹೊರಳಿ ಸೋಲುತ್ತಿದ್ದರೆ ಕೆಳಗೆ ಎಷ್ಟು ಪಟ್ಟಿ ಅಂಟಿಸಿದರೂ ಫಲವಿಲ್ಲ. ಲೆಕ್ಕ ಬಿಡಿಸುವ ಮೊದಲು ಅದನ್ನೇ ನೋಡಿ.